ಸಾಮ್ರಾಟರ ಕಾನೂನು, ಮೇಷ್ಟ್ರ ಚಾಪೆ

ಚಾಪೆಯನ್ನು ತಾರಸಿಗೆ ಒಯ್ದು ಕೊಡವಿ ಎಂದು ಹೆಂಡತಿ ಹೇಳಿದ್ದಳು. ಮೆಟ್ಟಿಲು ಹತ್ತುವ ಸೋಮಾರಿತನಕ್ಕೆ ಇತಿಹಾಸದ ಮೇಷ್ಟ್ರು ಅದನ್ನು ಬಾಲ್ಕನಿಯಿಂದಲೇ ಕೊಡವಿದರು. ಕೆಳಗೆ ಕೋರ್ಟಿನ ನಿವೃತ್ತ ಗುಮಾಸ್ತರು ಕಾಫಿ ಲೋಟ ಹಿಡಿದು ನಿಂತಿದ್ದರು. ನೋಡನೋಡುತ್ತಲೇ ಅವರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗಾದರು.

"ರೀ ಮೇಷ್ಟ್ರೇ! ಬೀದಿಗೆ ಧೂಳು ಕೊಡವೋದು ಅಪರಾಧ. ಸಾಮ್ರಾಟರ ಕಾಲದ ಕಾನೂನು, ಇನ್ನೂ ರದ್ದಾಗಿಲ್ಲ!"

ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ಅರ್ಧ ಆಯಸ್ಸು ಸವೆಸಿ ಬರೆದ ಪುಸ್ತಕ ಆಗ ಅಚ್ಚಿನಲ್ಲಿತ್ತು. ಸಾಮ್ರಾಟರ ಕಾನೂನುಗಳು ಅರಮನೆಯಲ್ಲಿ ಹುಟ್ಟಿ ಕಾಗದದ ಮೇಲೇ ಸತ್ತವು ಎನ್ನುವುದೇ ಅದರ ವಾದ.

"ಆ ಕಾನೂನಿಗೆ ಯಾರೂ ಕವಡೆ ಕಿಮ್ಮತ್ತು ಕೊಟ್ಟಿರಲಿಲ್ಲ ಕಣ್ರೀ. ಬೇಕಿದ್ರೆ ಕೇಸ್ ಹಾಕಿ!"

ಗುಮಾಸ್ತರು ಮುಖವನ್ನೂ ತೊಳೆಯದೆ ಹೋಗಿ ಹಾಕಿಯೇಬಿಟ್ಟರು. ಕೋರ್ಟಿನಲ್ಲಿ ಅವರ ಮಾತು ಇನ್ನೂ ನಡೆಯುತ್ತಿತ್ತು. ಮಧ್ಯಾಹ್ನಕ್ಕೇ ಮೇಷ್ಟ್ರಿಗೆ ಕೋರ್ಟಿನಿಂದ ಕರೆ ಬಂತು.

"ತಪ್ಪಾಯ್ತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು ಹೆಂಡತಿ.

"ಇದು ಧೂಳಿನ ಪ್ರಶ್ನೆ ಅಲ್ಲ ಕಣೇ, ಸತ್ಯದ ಪ್ರಶ್ನೆ."

ಮೇಲಿನ ಮಹಡಿಯ ಟೈಲರ್ ಕೊರಳಿನ ಟೇಪನ್ನೂ ತೆಗೆಯದೆ ಕೇಸ್ ನೋಡಲು ಕೋರ್ಟಿಗೆ ಓಡಿದ. ಹಿಂದೆಯೇ ಇಡೀ ಬೀದಿ.

"ಸ್ವಾಮಿ, ಕಾನೂನು ಬರೆದಿಟ್ಟ ಮಾತ್ರಕ್ಕೆ ಅದು ನಡೀತಿತ್ತು ಅಂತ ಹೇಳೋಕಾಗಲ್ಲ," ಎಂದು ಮೇಷ್ಟ್ರು ತರಗತಿಯ ದನಿಯಲ್ಲಿ ಶುರುಮಾಡಿದರು. "ಇಲ್ಲಿನ ಹಳೇ ಕಡತ ಎಲ್ಲ ಜಾಲಾಡಿದ್ದೀನಿ. ಧೂಳು ಕೊಡವಿದ್ದಕ್ಕೆ ಒಬ್ಬರಿಗೂ ಶಿಕ್ಷೆ ಆಗಿಲ್ಲ. ಒಂದು ಕೇಸೂ ಇಲ್ಲ!"

ನ್ಯಾಯಾಧೀಶರು ಗುಮಾಸ್ತರ ಕಡೆ ತಿರುಗಿದರು. "ನಿಮ್ಮ ಸರ್ವಿಸ್‌ನಲ್ಲಿ ಒಂದಾದ್ರೂ ನೋಡಿದ್ದೀರಾ?"

ಗುಮಾಸ್ತರು ಪೆಚ್ಚು ಮೋರೆಯಲ್ಲಿ ಇಲ್ಲವೆಂದು ತಲೆಯಾಡಿಸಿದರು.

"ಹಾಗಾದ್ರೆ ಹುಟ್ಟಿದಾಗಿಂದ ಮಲಗೇ ಇರೋ ಕಾನೂನನ್ನ ನಾನ್ಯಾಕೆ ಎಬ್ಬಿಸಲಿ? ಹೋಗಿ."

ಮೇಷ್ಟ್ರು ಮದುವಣಿಗನ ಹಾಗೆ ಮನೆಗೆ ಬಂದರು. ಸಂಜೆ ಪ್ರೆಸ್ಸಿನಿಂದ ಪುಸ್ತಕದ ಮೊದಲ ಪ್ರತಿಯೂ ಬಂತು. ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಾಲ್ಕನಿಯಲ್ಲಿ ಕೂತರು.

ಮೇಲಿನ ಮಹಡಿಯಲ್ಲಿ ಹೊದಿಕೆ ಕೊಡವಿದ ದಬದಬ ಸದ್ದಾಯಿತು. ತಲೆಯ ಮೇಲೆ ಹತ್ತಿ, ದಾರದ ಚೂರು, ಸೀಮೆಸುಣ್ಣದ ಪುಡಿ ಸುರಿಯಿತು. ಎದುರು ಮನೆಯಲ್ಲಿ ದಿಂಬು, ಪಕ್ಕದ ಮನೆಯಲ್ಲಿ ಕಂಬಳಿ, ಬೀದಿಯೇ ಮಸುಕಾಯಿತು. ಕೆಳಗೆ ಗುಮಾಸ್ತರು ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.

"ಏನ್ರೀ ಇದು! ಇಷ್ಟು ವರ್ಷ ಇಲ್ಲದ್ದು ಇವತ್ತೇನು?" ಎಂದು ಮೇಷ್ಟ್ರು ಮೇಲೆ ನೋಡಿ ಕೂಗಿದರು.

ಟೈಲರ್ ಬಗ್ಗಿ ನೋಡಿ ಹಲ್ಲು ಕಿರಿದ. "ಇಷ್ಟು ವರ್ಷ ಕಾನೂನಿತ್ತಲ್ಲ ಸಾರ್! ನಮ್ಮಜ್ಜನ ಕಾಲದಿಂದ್ಲೂ ಅದಕ್ಕೆ ಹೆದರಿ ಎಲ್ಲರೂ ತಾರಸಿಗೇ ಹೊರ್ತಿದ್ರು. ಒಬ್ಬರೂ ಬೀದಿಗೆ ಕೊಡವ್ತಿರಲಿಲ್ಲ. ಮತ್ತೆ ಕೇಸ್ ಎಲ್ಲಿಂದ ಬರಬೇಕು ಹೇಳಿ?"

ಮೇಷ್ಟ್ರು ತೊಡೆಯ ಮೇಲಿನ ಪುಸ್ತಕ ನೋಡಿದರು. ಏನೋ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಟೈಲರ್ ಇನ್ನೊಂದು ಹೊದಿಕೆ ಕೊಡವಿದ.