ಬಾಬಾಗಾಡಿಯಲ್ಲಿ ಎಂಟು ಕಿಲೋ ಜೋಳ

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರ್‌ಗಳು ನನಗೆ ಮುಖ್ಯವಾಗಿ ಎರಡು ವಿದ್ಯೆ ಕಲಿಸಿದರು. ಯಾವ ಕೆಲಸಕ್ಕೆ ಹೊರಟರೂ ಮೊದಲು ಪಟ್ಟಿ ಮಾಡಬೇಕು. ಪಟ್ಟಿಯ ಅಕ್ಷರ ಮುತ್ತಿನ ಹಾಗಿರಬೇಕು. ಈ ಎರಡರ ಬಲದ ಮೇಲೆ ಲೋಕದಲ್ಲಿ ಏನನ್ನು ಬೇಕಾದರೂ ತಪ್ಪಿಲ್ಲದೆ ಕೊಳ್ಳಬಹುದು ಎಂದು ನಾನು ಬಹಳ ವರ್ಷ ನಂಬಿದ್ದೆ. ಒಂದು ಬಾಬಾಗಾಡಿ ಕೊಳ್ಳುವವರೆಗೆ.

ಬಾಬಾಗಾಡಿ ಎಂದರೆ ಮಗುವನ್ನು ಕೂಡಿಸಿ ತಳ್ಳಿಕೊಂಡು ಹೋಗುವ ನಾಲ್ಕು ಗಾಲಿಯ ಗಾಡಿ. ಮಾತು ಮರಾಠಿಯದು, ಆದರೆ ನಮ್ಮ ನಿಪ್ಪಾಣಿಯಲ್ಲಿ ಮಾತುಗಳು ಗಡಿ ನೋಡಿ ನಿಲ್ಲುವುದಿಲ್ಲ. ನಮ್ಮ ಓಣಿಯಲ್ಲಿ ಅಂಥ ಗಾಡಿ ಯಾರ ಮನೆಯಲ್ಲೂ ಇರಲಿಲ್ಲ. ಮಕ್ಕಳೆಲ್ಲ ಕಂಕುಳಲ್ಲೇ ಬೆಳೆದು ಇಳಿದು ಓಡುತ್ತಿದ್ದವು. ನಮ್ಮ ಪಾರಸನಿಗೆ ಮಾತ್ರ ಕಂಕುಳು ಸಾಲುತ್ತಿರಲಿಲ್ಲ. ಅವನಿಗೆ ಆಗ ಒಂದು ವರ್ಷ ಎರಡು ತಿಂಗಳು. ಸ್ನಾಯುಗಳಲ್ಲಿ ಬಿಗಿ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಎತ್ತಿಕೊಂಡರೆ ಒದ್ದೆ ದುಪ್ಪಟಿಯ ಹಾಗೆ ತೋಳಿನ ಎರಡೂ ಕಡೆ ಇಳಿಬೀಳುತ್ತಿದ್ದ. ಕೂಡಿಸಿದರೆ ನಿಧಾನವಾಗಿ, ಯಾರಿಗೂ ತೊಂದರೆಯಾಗಬಾರದು ಎನ್ನುವಂತೆ, ಪಕ್ಕಕ್ಕೆ ವಾಲುತ್ತಿದ್ದ. ಕಣ್ಣು ಮಾತ್ರ ಬಹಳ ಚುರುಕು. ಆದರೆ ಸದಾ ಮಲಗಿದವನಿಗೆ ನೋಡಲು ಸಿಗುವುದು ಎರಡೇ: ಮೇಲೆ ತಿರುಗುವ ಫ್ಯಾನು, ಆಗಾಗ ಅಡ್ಡ ಬರುವ ನನ್ನ ಮುಖ. ಫ್ಯಾನು ನೋಡಿದಾಗ ಹೆಚ್ಚು ನಗುತ್ತಾನೆ ಎನ್ನುವುದನ್ನು ನಾನು ಗಮನಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ಅವನು ನೆಟ್ಟಗೆ ಕೂತು ಓಣಿ ನೋಡಬೇಕು. ನನಗಿದ್ದ ಆಸೆ ಇಷ್ಟೇ.

ಪ್ರತಿ ಬುಧವಾರ ಮನೆಗೆ ಬಂದು ಪಾರಸನಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿ ಮೇಡಮ್ಮು ಗಾಡಿ ಹೇಗಿರಬೇಕೆಂದು ಬಿಡಿಸಿ ಹೇಳಿದರು. ನಾನು ಡೈರಿಯಲ್ಲಿ ಬರೆದುಕೊಂಡೆ. ಬೆನ್ನಿಗೆ ಗಟ್ಟಿ ಆಧಾರ. ಸೊಂಟ ಪೂರ್ತಿ ಹಿಂದಕ್ಕೆ ಹತ್ತಿ ಕೂಡುವಂಥ ಸೀಟು. ಎರಡೂ ಪಕ್ಕಕ್ಕೆ ಮೆತ್ತೆ. ಹೆಗಲು, ಸೊಂಟ, ಕಾಲ ನಡುವೆ ಬೆಲ್ಟು. ಪಾದ ಊರಲು ಹಲಗೆ. ಪ್ರತಿಯೊಂದರ ಕೆಳಗೂ ಕೆಂಪು ಪೆನ್ಸಿಲಿನ ಗೆರೆ. ಮೇಡಮ್ಮು ಎಲ್ಲಕ್ಕಿಂತ ಮೊದಲು ಇನ್ನೊಂದು ಮಾತು ಹೇಳಿದ್ದರು. ಅದು ಎಷ್ಟು ಸಾದಾ ಮಾತೆಂದರೆ, ಬರೆಯಲು ಶಾಯಿ ದಂಡ ಎಂದು ಬಿಟ್ಟಿದ್ದೆ.

ಮರುದಿನ ನಾನು, ನಮ್ಮವರು, ಪಾರಸ ಮೂವರೂ ಅದನ್ನು ಕೊಳ್ಳಲು ಕೊಲ್ಲಾಪುರಕ್ಕೆ ಹೊರಡುವವರಿದ್ದೆವು. ಆಗ ನಮ್ಮ ಅತ್ತೆಯವರು ಕೇಳಿದರು, "ಅದಕ್ಕ ಗಾಲಿ ಅದಾವಿಲ್ಲೋ?"

"ನಾಕು ಅದಾವ್ರಿ, ಅವ್ವಾರ."

"ಹಂಗಾರ ಅದು ಗಾಡಿನ. ಪೂಜಿ ಆಗೂತನಾ ನಮ್ಮ ಮಂದಿ ಯಾರೂ ಅದರಾಗ ಕುಂದರೂ ಹಂಗಿಲ್ಲ."

ನಮ್ಮ ಮನೆಯಲ್ಲಿ ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ. ಸ್ಕೂಟರಿಗೂ ಆಗಿತ್ತು, ಟ್ರ್ಯಾಕ್ಟರಿಗೂ ಆಗಿತ್ತು. ಹೊಸ ಸ್ಕೂಟರನ್ನು ನಮ್ಮವರು ಅಂಗಡಿಯಿಂದ ಮನೆಯವರೆಗೆ ತಳ್ಳಿಕೊಂಡೇ ಬಂದಿದ್ದರು. ಪೂಜೆಯಾಗದ ಗಾಡಿಯಲ್ಲಿ ಪಾರಸನನ್ನು ಕೂಡಿಸಿ ನೋಡುವಂತಿಲ್ಲ, ಕೂಡಿಸಿ ನೋಡದೆ ತರುವಂತಿಲ್ಲ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮವರು ಇದನ್ನು ಯಂತ್ರದ ಪ್ರಶ್ನೆ ಎಂದು ತಿಳಿದು ಐದು ನಿಮಿಷದಲ್ಲಿ ಬಿಡಿಸಿದರು. "ಲೋಡ್ ಹಾಕಿ ನೋಡಿದ್ರ ಆತು. ಪಾರಸ ಎಂಟ ಕಿಲೋ ಅದಾನ. ಎಂಟ ಕಿಲೋ ಜ್ವಾಳಾ ಒಯ್ಯೂಣು."

ನನಗೆ ಈ ವಿಚಾರ ಬಹಳ ಹಿಡಿಸಿತು. ಜೋಳವೂ ಪಾರಸನ ಹಾಗೇ ವಾಲುತ್ತದೆ. ಆರು ಕಿಲೋ ತಲೆದಿಂಬಿನ ಚೀಲಕ್ಕೆ ತುಂಬಿ ಬಾಯಿ ಹೊಲಿದೆ. ಎರಡು ಕಿಲೋ ಸಣ್ಣ ಚೀಲದಲ್ಲಿ ಹಾಕಿ ತಲೆಯ ಜಾಗಕ್ಕೆ ಜೋಡಿಸಿದೆ. ಅಳತೆ ಸರಿ ಸಿಗಲೆಂದು ಪಾರಸನ ಅಂಗಿ ತೊಡಿಸಿ, ಟೊಪ್ಪಿಗೆ ಹಾಕಿದೆ. ಅತ್ತೆಯವರು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಕಾಡಿಗೆ ತಂದು ಅದರ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟರು.

ಪಾರಸನನ್ನು ಅತ್ತೆಯವರ ಹತ್ತಿರ ಬಿಟ್ಟು ನಾವಿಬ್ಬರೂ ಬಸ್ಸು ಹತ್ತಿದೆವು. ಪಕ್ಕದಲ್ಲಿ ಕೂತ ಒಬ್ಬ ಹೆಣ್ಣುಮಗಳು ಅರ್ಧ ದಾರಿಯ ಕಾಗಲ ಊರಿನವರೆಗೂ ನನ್ನ ತೊಡೆಯ ಕಡೆಗೇ ನೋಡುತ್ತಿದ್ದಳು. ಕೊನೆಗೆ, "ಕೂಸು ಭಾಳ ಶಾಂತ ಐತ್ರಿ" ಎಂದಳು. ನಾನು ಹೌದೆಂದೆ. ಸುಳ್ಳು ಹೇಳಿದ ಹಾಗೇನೂ ಆಗಲಿಲ್ಲ.

ಕೊಲ್ಲಾಪುರದ ಅಂಗಡಿಯವರು ಬಹಳ ಸಭ್ಯರು. "ವಹಿನಿ, ಬಾಳ ಕುಠೆ?" ಎಂದು, ಅತ್ತಿಗೆ, ಮಗು ಎಲ್ಲಿ ಅಂತ ಮರಾಠಿಯಲ್ಲಿ ಕೇಳಿದರು. ನಾನು ಚೀಲ ತೋರಿಸಿದೆ. ಅವರು ಚೀಲ ನೋಡಿದರು, ನನ್ನನ್ನು ನೋಡಿದರು, ನಮ್ಮವರನ್ನು ನೋಡಿದರು. ಆಮೇಲೆ ಏನೂ ಕೇಳದೆ ಗಾಡಿ ತೋರಿಸಲು ಶುರು ಮಾಡಿದರು.

ಮೊದಲನೆಯದು ಮೂಲೆಯಲ್ಲಿತ್ತು. ಶಾಲೆಯ ಬೆಂಚಿನಂಥ ಬೆನ್ನು, ಅಂದವಿಲ್ಲದ ಕಂದು ಬಣ್ಣ. ಜೋಳವನ್ನು ಕೂಡಿಸಿದೆ. ಅದು ಬೆಲ್ಟಿನ ಮೇಲಿಂದ ಮುಂದಕ್ಕೆ ಉರುಳಿತು. ಮತ್ತೆ ಕೂಡಿಸಿದೆ, ಟೊಪ್ಪಿಗೆ ಸಮೇತ ತಲೆ ಕಳಚಿ ನಮ್ಮವರ ಕಾಲಿಗೆ ಬಿತ್ತು. ಎರಡನೆಯದು ಆಕಾಶ ನೀಲಿ, ಬಟ್ಟೆಯ ಸೀಟು, ಜೋಳಿಗೆಯ ಹಾಗೆ ಆಳವಾಗಿ ಇಳಿದಿತ್ತು. ಅದರಲ್ಲಿ ಜೋಳ ತಾನಾಗಿ ಹರಡಿ, ಕುಸಿದು, ನೆಲೆ ನಿಂತಿತು. ಅಂಥ ನೆಮ್ಮದಿಯನ್ನು ನಾನು ಮನುಷ್ಯರ ಮುಖದಲ್ಲೂ ಕಂಡಿಲ್ಲ. ಡೈರಿಯ ಪಟ್ಟಿ ಕಂದು ಎನ್ನುತ್ತಿತ್ತು, ಜೋಳ ನೀಲಿ ಎನ್ನುತ್ತಿತ್ತು. ಅಷ್ಟರಲ್ಲಿ ನಮ್ಮವರು ಗಡಿಯಾರ ತೋರಿಸಿದರು. ನಾವು ಜೈನರು, ಅತ್ತೆಯವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಪಾರಸನನ್ನು ಕೆಳಗಿಟ್ಟು ಒಬ್ಬರೇ ಬಡಿಸಿಕೊಳ್ಳುವುದೂ ಇಲ್ಲ. ನಾವು ತಡಮಾಡಿದರೆ ಅವರಿಗೆ ಉಪವಾಸ. ನಾನು ಜೋಳದ ಮಾತು ಕೇಳಿದೆ.

ಮರುದಿನ ಮುಂಜಾನೆ ಪೂಜೆ. ಗಾಡಿಗೆ ಅರಿಷಿಣ ಕುಂಕುಮ, ಹೂವಿನ ಮಾಲೆ, ಸೀಟಿನಲ್ಲಿ ತೆಂಗಿನಕಾಯಿ, ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು. ಟ್ರ್ಯಾಕ್ಟರಿನ ಗಾಲಿಗೆ ಲಿಂಬೆಹಣ್ಣು ಲೆಕ್ಕಕ್ಕಿಲ್ಲ. ಬಾಬಾಗಾಡಿಗೆ ಅದು ಘಟ್ಟ. ನಮ್ಮವರು ಮೆಲ್ಲಗೆ ತಳ್ಳಿದರು, ಗಾಡಿ ಅಲುಗಲಿಲ್ಲ. ಜೋರಾಗಿ ತಳ್ಳಿದರು. ಗಾಡಿ ಅಲ್ಲೇ ನಿಂತು ಮುಂದಕ್ಕೆ ಬಾಗಿ ನಮಸ್ಕಾರ ಮಾಡಿತು. ತೆಂಗಿನಕಾಯಿ ಉರುಳಿ ಎದುರು ಮನೆಯ ಸುಶೀಲಕ್ಕನ ಹೊಸ್ತಿಲಿಗೆ ಹೋಗಿ ಒಡೆಯಿತು. ಕಾಯಿ ಒಡೆದದ್ದು ಒಡೆದಂತೆಯೇ ಎಂದು ಅತ್ತೆಯವರು ಪೂಜೆ ಮುಗಿಸಿದರು.

ಪಾರಸನನ್ನು ಕೂಡಿಸಿದೆವು. ಬಟ್ಟೆ ಅವನನ್ನು ಒಳಗೆ ತೆಗೆದುಕೊಂಡಿತು. ಮೊಣಕಾಲು ಮೇಲೆ ಬಂದವು, ಬೆನ್ನು ಬಿಲ್ಲಾಯಿತು, ಗದ್ದ ಎದೆಗೆ ತಾಗಿತು. ಸುಶೀಲಕ್ಕ ಒಡೆದ ಕಾಯಿ ವಾಪಸು ಕೊಡಲು ಬಂದು, "ಎಷ್ಟ ಆರಾಮ ಕುಂತಾನ ನೋಡ್ರಿ" ಎಂದಳು. ನನಗೂ ಹಾಗೇ ಕಂಡಿತು. ಜೋಳವೂ ಹೀಗೇ ಕೂತಿತ್ತಲ್ಲ. ಐದು ದಿನ ಓಣಿಯ ಈ ತುದಿಯಿಂದ ಆ ತುದಿಗೆ ತಳ್ಳಿದೆ, ಹನ್ನೊಂದು ಫೋಟೋ ತೆಗೆದೆ. ಅವನು ನಗಲಿಲ್ಲ. ಹೊಸದು, ರೂಢಿಯಾಗಬೇಕು ಎಂದುಕೊಂಡೆ.

ಬುಧವಾರ ಮೇಡಮ್ಮು ಬಂದರು. ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಪಾರಸನನ್ನು ಬಹಳ ಹೊತ್ತು ನೋಡಿದರು.

"ಅಂಗಡ್ಯಾಗ ಕೂಡ್ಸಿ ನೋಡಿದ್ರಿ?"

"ಹೌದ್ರಿ."

"ಯಾರನ್ನ?"

ನಾನು ಸೀರೆಯ ಅಂಚು ಸರಿ ಮಾಡಿಕೊಂಡೆ. ನಮ್ಮವರಿಗೆ ತಮ್ಮ ಅಂಗಡಿಯಲ್ಲಿ ಏನೋ ಕೆಲಸ ನೆನಪಾಯಿತು. ಸುಳ್ಳಾಡದ ವ್ರತವಿರುವ ಅತ್ತೆಯವರು ಒಬ್ಬರೇ ಉತ್ತರ ಕೊಟ್ಟರು. "ಜ್ವಾಳಾ."

ಮೇಡಮ್ಮು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಜ್ವಾಳಾ ಹ್ಯಾಂಗ ಬೇಕಾದ್ರೂ ಆರಾಮ ಕೂಡತೈತ್ರಿ, ಅದಕ್ಕ ಬೆನ್ನೆಲುಬಿಲ್ಲ. ಇವಂಗ ಐತಿ. ಅದನ್ನ ನೆಟ್ಟಗ ಹಿಡಿಯೂ ಗಾಡಿ ಬೇಕು. ಇದರಾಗ ಇವಂಗ ಏನ ಕಾಣತೈತಿ, ನೀವ ನೋಡ್ರಿ."

ನಾನೂ ಕೆಳಗೆ ಕೂತು, ಪಾರಸನ ಕಣ್ಣಿನ ಎತ್ತರಕ್ಕೆ ತಲೆ ತಂದು, ಅವನು ನೋಡುವ ಕಡೆ ನೋಡಿದೆ. ಅವನ ಅಂಗಿಯ ಮೂರನೇ ಗುಂಡಿ ಕಂಡಿತು. ಐದು ದಿನ ನಾನು ಅವನಿಗೆ ಊರು ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ಐದು ದಿನ ಆ ಗುಂಡಿ ನೋಡಿದ್ದ. ಫ್ಯಾನೂ ಹೋಗಿತ್ತು.

ಮೇಡಮ್ಮು ಡೈರಿ ಕೇಳಿ ಓದಿದರು. "ಅಕ್ಷರ ಭಾಳ ಚಂದ ಅದಾವ್ರಿ. ನಾ ಎಲ್ಲಾದಕಿಂತ ಮೊದಲ ಹೇಳಿದ್ದು ಎಲ್ಲೈತಿ?"

ಅದು ಇರಲಿಲ್ಲ. ಕೂಸನ್ನೇ ಕರೆದುಕೊಂಡು ಹೋಗಿ ಕೂಡಿಸಿ ನೋಡಿ ಎಂದಿದ್ದರು. ಶಾಯಿ ಉಳಿಸಿದ್ದೆ.

ಮರುದಿನವೇ ಅತ್ತೆಯವರೂ ಸೇರಿ ನಾಲ್ವರೂ ಕೊಲ್ಲಾಪುರಕ್ಕೆ ಹೋದೆವು. ಅಂಗಡಿಯವರು ನೀಲಿ ಗಾಡಿ ವಾಪಸು ತೆಗೆದುಕೊಂಡು ಮಡಚಿದರು. ಒಳಗಿಂದ, ಅವತ್ತು ಚೀಲದಿಂದ ಸೋರಿದ್ದ ಒಂದು ಹಿಡಿ ಜೋಳ ನೆಲದ ಫರಸಿಯ ಮೇಲೆ ಚೆಲ್ಲಿತು. ಅತ್ತೆಯವರು ಮೂಲೆಯ ಕಂದು ಗಾಡಿಯನ್ನು ಹೊರಗೆ ಎಳೆಸಿ, ಕುಂಕುಮ ಹಚ್ಚಿ, ಈ ಸಲ ಲಿಂಬೆಹಣ್ಣನ್ನು ತೆಳ್ಳಗೆ ಹೆಚ್ಚಿ ಗಾಲಿಯ ಕೆಳಗಿಟ್ಟರು. ಅಂಗಡಿಯವರು ತಾವಾಗಿ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಪಾರಸನನ್ನು ಕೂಡಿಸಿ ಸೊಂಟ ಹಿಂದಕ್ಕೊತ್ತಿ, ಬೆಲ್ಟು ಹಾಕಿ, ಪಕ್ಕದ ಮೆತ್ತೆ ಬಿಗಿ ಮಾಡಿ, ಪಾದ ಹಲಗೆಯ ಮೇಲೆ ಇಟ್ಟೆ. ಅವನ ತಲೆ ಒಮ್ಮೆ ಆ ಕಡೆ ಹೋಯಿತು, ಒಮ್ಮೆ ಈ ಕಡೆ ಬಂತು. ಆಮೇಲೆ ನಡುವೆ ನಿಂತಿತು.

ಅವನು ನೋಡಿದ. ಮೇಲಕ್ಕಲ್ಲ, ಎದುರಿಗೆ.

ನಮ್ಮವರು ಗಡಿಯಾರ ನೋಡಿ, ಈಗ ಹೊರಟರೂ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತದೆ ಎಂದು ತಾಯಿಗೆ ನೆನಪಿಸಿದರು.

"ಮುಳುಗ್ಲಿ" ಎಂದರು ಅತ್ತೆಯವರು ಮೊಮ್ಮಗನ ಮೇಲಿನ ಕಣ್ಣು ತೆಗೆಯದೆ. "ಇವತ್ತ ನಂದು ಉಪಾಸ."

ಪಾರಸ ಹಾಗೆ ನೆಟ್ಟಗೆ ಕೂತು ಮೊದಲು ಕಂಡ ದೃಶ್ಯವೆಂದರೆ ಅವನ ತಾಯಿ, ಅವನ ಪಾದದ ಹತ್ತಿರ ನೆಲದ ಮೇಲೆ ಕೂತು ಜೋಳ ಆರಿಸುತ್ತಿದ್ದುದು. ಅಂಗಡಿಯವರು ಇರಲಿ ವಹಿನಿ ಎಂದರು. ನನಗೆ ಮುಖ ಕೆಳಗೆ ಹಾಕಿಕೊಳ್ಳಲು ಒಂದು ಕೆಲಸ ಬೇಕಿತ್ತು.

ಈಗ ದಿನಾ ಸಂಜೆ ಬಾಗಿಲ ಮುಂದೆ ಪಾರಸ ತನ್ನ ಗಾಡಿಯಲ್ಲಿ ಕೂಡುತ್ತಾನೆ. ಬೀಡಿ ಕಟ್ಟಿ ಮುಗಿಸಿ ಮನೆಗೆ ಹೋಗುವ ಹೆಂಗಸರನ್ನು ನೋಡುತ್ತಾನೆ, ಸೈಕಲ್ಲು ನೋಡುತ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಸುಶೀಲಕ್ಕನ ಎಮ್ಮೆ ನೋಡುತ್ತಾನೆ. ಅದು ಮೆಲುಕು ಹಾಕಿದಷ್ಟು ಹೊತ್ತೂ ನಗುತ್ತಾನೆ. ಮೊನ್ನೆ ನನಗೆ ತಡೆಯಲಿಲ್ಲ. ಒಂದು ವರ್ಷ ಫ್ಯಾನಿನ ಜೊತೆ ಪೈಪೋಟಿ ಮಾಡಿದವಳು ನಾನು. ಹಿಂದಿನಿಂದ ಬಂದು ಗಾಡಿಯ ಮುಂದೆ ಕೂತು, ನನ್ನ ಮುಖವನ್ನು ನೇರ ಅವನೆದುರಿಗೆ ಹಿಡಿದೆ.

ಪಾರಸ ನನ್ನನ್ನು ಒಂದು ಕ್ಷಣ ನೋಡಿದ. ಆಮೇಲೆ ಯಾರೂ ಹಿಡಿಯದೆ, ಯಾರೂ ತಿರುಗಿಸದೆ, ತನ್ನ ಕುತ್ತಿಗೆಯನ್ನು ತಾನೇ ನಿಧಾನವಾಗಿ ಎಡಕ್ಕೆ ಬಾಗಿಸಿ ನನ್ನ ಕಿವಿಯ ಪಕ್ಕದಿಂದ ಆಚೆ ಇಣುಕಿದ. ಮೇಡಮ್ಮು ನಾಲ್ಕು ತಿಂಗಳಿಂದ ಮಾಡಿಸಲು ಹೆಣಗುತ್ತಿದ್ದ ವ್ಯಾಯಾಮ ಅದೇ. ನನ್ನ ಕಣ್ಣು ತುಂಬಿ ಬಂತು.

ಕಟ್ಟೆಯ ಮೇಲಿಂದ ಅತ್ತೆಯವರು ಹೇಳಿದರು, "ಸ್ವಲ್ಪ ಈಚೆ ಸರಿ ಬೇ. ಅವಂಗ ಎಮ್ಮಿ ಕಾಣವಲ್ದು."

ನಾನು ಸರಿದೆ.