ಇಂಕಿಗೆ ಮಿತಿಯುಂಟು, ಹೊಟ್ಟೆಕಿಚ್ಚಿಗಿಲ್ಲ

ಪ್ರೆಸ್ಸಿನಲ್ಲಿ ಕೆಲಸ ಮಾಡುವವನ ತಪ್ಪು ಒಂದು ಸಲಕ್ಕೆ ನಿಲ್ಲುವುದಿಲ್ಲ. ಸಾವಿರಗಟ್ಟಲೆ ಪ್ರತಿಯಾಗಿ ಮನೆಮನೆ ತಲುಪುತ್ತದೆ. ನನ್ನವಂತೂ ಒಂದರ ಹಿಂದೊಂದು ತಲುಪಿದವು.

ತೊಂಬತ್ತರ ದಶಕದ ಕೊನೆಯಲ್ಲಿ ಮಂಡ್ಯ ಬಿಟ್ಟು ಚೆನ್ನೈಗೆ ಬಂದ ನಾನು ತ್ರಿಪ್ಲಿಕೇನಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಅಚ್ಚಿಗೆ ಸಿದ್ಧ ಮಾಡುತ್ತಿದ್ದೆ. ಆ ಕೆಲಸಕ್ಕೆ ನಾನೊಬ್ಬನೇ ಇದ್ದಷ್ಟು ದಿನ ನಾನೇ ನಂಬರ್ ಒನ್. ಮೂರನೇ ವರ್ಷ ಉಡುಪಿ ಕಡೆಯವನೊಬ್ಬ ನನ್ನ ಪಕ್ಕದ ಕುರ್ಚಿಗೆ ಬಂದ. ಕೆಲಸ ಗೊತ್ತು, ತಮಿಳು ಗೊತ್ತು, ಸಾಲದ್ದಕ್ಕೆ ಪಕ್ಕದ ಬೀದಿಯಲ್ಲಿ ಅವನ ಮಾವನ ಹೋಟೆಲು. ದಿನಾ ನಾಲ್ಕು ಗಂಟೆಗೆ ಇಡೀ ಪ್ರೆಸ್ಸಿಗೆ ಗೋಳಿಬಜೆ ತರಿಸುತ್ತಿದ್ದ. ಇಂಥವನನ್ನು ದ್ವೇಷಿಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ನಾನು ಗೋಳಿಬಜೆ ತಿಂದುಕೊಂಡೇ ಅದನ್ನು ಸಾಧಿಸಿದೆ.

ಕಪ್ಪು

ಅವನು ಬಂದ ವಾರವೇ ರೇಷ್ಮೆ ಸೀರೆ ಅಂಗಡಿಯೊಂದರ ಕ್ಯಾಲೆಂಡರಿನ ಕೆಲಸ ಬಂತು. ಸೀರೆ ಉಟ್ಟ ಹೆಂಗಸು, ಹಿಂದೆ ಕಡುಗಪ್ಪು.

ಬಣ್ಣದ ಅಚ್ಚೆಂದರೆ ನಾಲ್ಕೇ ಇಂಕಿನ ಆಟ: ನೀಲಿ, ಕೆಂಪು, ಹಳದಿ, ಕಪ್ಪು. ಒಂದೊಂದನ್ನೂ ನೂರರವರೆಗೆ ಏರಿಸಬಹುದು. ಆದರೆ ಒಂದೇ ಜಾಗದಲ್ಲಿ ನಾಲ್ಕೂ ಸೇರಿ ಮುನ್ನೂರು ದಾಟಬಾರದು ಅನ್ನುವುದು ನಮ್ಮ ಪ್ರೆಸ್ಸಿನ ಕಟ್ಟಳೆ. ದಾಟಿದರೆ ಇಂಕು ಒಣಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹೊಸಬನಿಗೆ ಕಪ್ಪು ಅಂದರೇನು ಅಂತ ತೋರಿಸಬೇಕಿತ್ತು. ನಾಲ್ಕನ್ನೂ ನೂರು ನೂರು ಇಟ್ಟೆ.

ಮಾರನೇ ದಿನ ಮೆಷಿನ್ ಓಡಿಸುವ ಮೇಸ್ತ್ರಿ ಕರೆದರು. ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಬಲವಂತವಾಗಿ ಒಂದನ್ನು ಎಳೆದರೆ ಆ ಹೆಂಗಸಿನ ಅರ್ಧ ಮುಖ ಮೇಲಿನ ಹಾಳೆಯ ಬೆನ್ನಿಗೆ ಹೋಯಿತು. ಮೇಸ್ತ್ರಿ ಬೈಯುವ ಜಾತಿಯವರಲ್ಲ. ಹಾಳೆಗಳನ್ನು ಒಮ್ಮೆ ತಟ್ಟಿ ನೋಡಿ, ತಮಿಳಿನಲ್ಲಿ ಮೆತ್ತಗೆ ಹೇಳಿದರು:

"ಸಾರ್, ಈ ಕ್ಯಾಲೆಂಡರಿನಲ್ಲಿ ಜನವರಿಗೆ ಹೋದವರು ಯಾರೂ ಫೆಬ್ರವರಿಗೆ ಬರೋ ಹಾಗಿಲ್ಲ."

ಚೀಟಿ

ಅದನ್ನು ಸರಿ ಮಾಡಿದ್ದು ಉಡುಪಿಯವನೇ. ಎಲ್ಲಿ ಇಂಕು ಇಳಿಸಿದನೋ ಏನೋ, ಅವನ ಕಪ್ಪು ಒಣಗಿತು, ನನ್ನದಕ್ಕಿಂತ ಕಪ್ಪಾಗಿಯೂ ಕಂಡಿತು. ಒಣಗಿದ್ದನ್ನು ಕ್ಷಮಿಸಬಹುದಿತ್ತು.

ಇವನ ಗುಟ್ಟೇನೆಂದು ಹೊಂಚು ಹಾಕಿದೆ. ಅವನ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿಕೊಂಡಿದ್ದ. ಊಟಕ್ಕೆ ಹೋದಾಗ ಬಗ್ಗಿ ನೋಡಿದೆ: 240. ಮುನ್ನೂರಲ್ಲ, ಇದೇ ಅವನ ಇಂಕಿನ ಮಿತಿ ಅಂದುಕೊಂಡೆ. ಆವತ್ತು ನನ್ನ ಕೈಯಲ್ಲಿದ್ದದ್ದು ಒಡವೆ ಅಂಗಡಿಯೊಂದರ ಪುಸ್ತಿಕೆ, ನುಣುಪಾದ ಆರ್ಟ್ ಪೇಪರಿನಲ್ಲಿ. ಪುಟಪುಟವನ್ನೂ ಇನ್ನೂರ ನಲವತ್ತಕ್ಕೆ ಇಳಿಸಿ, ಯಾರಿಗೂ ಹೇಳದೆ ಕಳಿಸಿಬಿಟ್ಟೆ.

ಆ ಚೀಟಿ ಅವನು ದಿನಪತ್ರಿಕೆಗೆ ಮಾಡುತ್ತಿದ್ದ ಜಾಹೀರಾತಿನದಂತೆ. ಪತ್ರಿಕೆಯ ಒರಟು ಕಾಗದಕ್ಕೆ ಅಷ್ಟೇ ಇಂಕು ಸಾಕಂತೆ. ಆರ್ಟ್ ಪೇಪರಿನಲ್ಲಿ ಅಷ್ಟಕ್ಕೆ ಚಿನ್ನವೂ ಮಂಕಾಗುತ್ತದಂತೆ. ನನಗೆ ಗೊತ್ತಾಗುವ ಹೊತ್ತಿಗೆ ಒಡವೆ ಅಂಗಡಿಯ ಯಜಮಾನರು ಪುಸ್ತಿಕೆ ಹಿಡಿದುಕೊಂಡು ಎದುರಿಗೆ ಕೂತಿದ್ದರು. ಎಲ್ಲಾ ಪುಟ ಸಮಾಧಾನವಾಗಿ ತಿರುವಿ ಹಾಕಿ, ಕೇಳಿದರು:

"ಪಾತ್ರೆ ಎಲ್ಲಾ ಚೆನ್ನಾಗಿವೆ ತಂಬಿ. ಒಡವೆ ಪುಸ್ತಕ ಯಾವಾಗ ಕೊಡ್ತೀರಿ?"

ದೋಸೆ

ಮನೆಯಲ್ಲಾದರೂ ನೆಮ್ಮದಿ ಇರಬೇಕಲ್ಲ. ಒಂದು ಸಂಜೆ ತಾಂಬರಂ ಟ್ರೇನಿನಲ್ಲಿ ಇಡೀ ದಾರಿ ನಿಂತುಕೊಂಡು ಬಂದು ಚಪ್ಪಲಿ ಬಿಡುತ್ತಿದ್ದೇನೆ, ಹೆಂಡತಿಯೂ ಮಗಳೂ ಒಂದು ಮೆನು ಕಾರ್ಡನ್ನು ಹಿಡಿದು ಕೂತಿದ್ದಾರೆ. ಮಾವನ ಹೋಟೆಲಿಗೆಂದು ಉಡುಪಿಯವನು ಮಾಡಿದ್ದು. ಹಿಂದಿನ ದಿನ ಅವನೇ ಕೊಟ್ಟಿದ್ದನ್ನು ನಾನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟಿದ್ದೆ.

"ಈ ದೋಸೆ ನೋಡಿದರೇ ಹಸಿವಾಗುತ್ತಲ್ರೀ" ಅಂದಳು ಹೆಂಡತಿ. ಮಗಳು "ಸೂಪರಾ ಇರುಕ್ಕು ಅಪ್ಪಾ" ಅಂದಳು. ಅವಳಿಗೆ ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ. ನನ್ನನ್ನು ಹೊಗಳುವುದಕ್ಕೆ ಮಾತ್ರ ಎರಡೂ ಬರುತ್ತಿರಲಿಲ್ಲ.

ಆ ದೋಸೆಯಲ್ಲಿ ಹಳದಿ ಹೆಚ್ಚಾಗಿದೆ, ಅಂಚಿನಲ್ಲಿ ಕೆಂಪು ಏರಿದೆ, ಚಟ್ನಿಯ ನೆರಳಿನಲ್ಲಿ ಕಪ್ಪು ಸಾಲದು ಅಂತ ಒಂದೊಂದಾಗಿ ವಿವರಿಸಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡು ಒಳಗೆ ಹೋಗಿ ತಟ್ಟೆ ತಂದಿಟ್ಟಳು. ಬೆಳಗಿನ ಉಪ್ಪಿಟ್ಟು.

"ಇದರಲ್ಲಿ ಯಾವ ಬಣ್ಣವೂ ಹೆಚ್ಚಾಗಿಲ್ಲ, ತಿನ್ನಿ" ಅಂದಳು.

ಮೀಸೆ

ನಮ್ಮ ಮುದಲಾಳಿಗೆ, ಅಂದರೆ ಪ್ರೆಸ್ಸಿನ ಮಾಲೀಕರಿಗೆ, ಅರವತ್ತು ತುಂಬಿತು. ಸಮಾರಂಭಕ್ಕೆ ಒಂದು ಸ್ಮರಣ ಸಂಚಿಕೆ. ನಡುವಿನ ಎರಡು ಪುಟಗಳಲ್ಲಿ ಎದುರುಬದುರಾಗಿ ದಂಪತಿಯ ಫೋಟೋ: ಎಡಕ್ಕೆ ಹುರಿಮೀಸೆಯ ಮುದಲಾಳಿ, ಬಲಕ್ಕೆ ಅವರ ಶ್ರೀಮತಿ. ಮುದಲಾಳಿಯ ಫೋಟೋವನ್ನು ನಾವಿಬ್ಬರೂ ಬೇರೆಬೇರೆ ತಿದ್ದಬೇಕು, ಯಾವುದು ಚೆಂದವೋ ಅದು ಅಚ್ಚಿಗೆ. ಗೆದ್ದವನೇ ವಿಭಾಗದ ಮುಖ್ಯಸ್ಥನಾಗುತ್ತಾನೆ ಅಂತ ಪ್ರೆಸ್ಸಿನಲ್ಲೆಲ್ಲ ಮಾತು.

ನಾನು ನಾಲ್ಕು ದಿನ ಕೂತು ತಿದ್ದಿದೆ. ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಅವನು ಹೋಟೆಲಿಗೆ ಹೋಗಿದ್ದಾಗ ನೋಡಿದರೆ, ಅವನ ಕಂಪ್ಯೂಟರಿನಲ್ಲಿ ಮುದಲಾಳಿಯ ಫೋಟೋ ಅಚ್ಚಿಗೆ ಹೊರಟು ನಿಂತಿತ್ತು. ಹೊಟ್ಟೆಕಿಚ್ಚಿನಲ್ಲಿ ಸರಿಯಾಗಿ ನೋಡುವ ವ್ಯವಧಾನವೂ ಇಲ್ಲದೆ, ಅವನದೇ ಆಯ್ಕೆಯಾಗಿದೆ ಅಂದುಕೊಂಡೆ. ಮುಂದಿನದನ್ನು ಹೇಳಲು ಈಗಲೂ ನಾಚಿಕೆ. ಅವನ ಕುರ್ಚಿಯಲ್ಲಿ ಕೂತು, ಆ ಮೀಸೆಯೊಂದಕ್ಕೆ ನಾಲ್ಕು ಇಂಕನ್ನೂ ನೂರು ನೂರಕ್ಕೆ ಏರಿಸಿ ಎದ್ದುಬಂದೆ. ತೆರೆಯ ಮೇಲೆ ಏನೂ ಗೊತ್ತಾಗುವುದಿಲ್ಲ. ಮೀಸೆ ಒಂದಿಷ್ಟು ಗಂಭೀರವಾಯಿತು, ಅಷ್ಟೇ.

ಅಚ್ಚಾಯಿತು. ಹಾಳೆ ಒಣಗಲು ಬಿಡಬೇಕೆಂದು ಮೇಸ್ತ್ರಿ ಬೇಡಿಕೊಂಡರೂ ಮುದಲಾಳಿಗೆ ಅವಸರ. ಮಡಿಸಿ, ಹೊಲಿದು, ಒತ್ತಿ ಕಟ್ಟಿ ಸಭಾಂಗಣಕ್ಕೆ ಸಾಗಿಸಿದರು. ಅಲ್ಲಿ ಉಡುಪಿಯವನು ನನ್ನ ಪಕ್ಕ ಬಂದು ಕೂತು ಕಿವಿಯಲ್ಲಿ ಹೇಳಿದ:

"ನಿಮ್ಮ ಫೋಟೋ ಎಷ್ಟು ಲಾಯ್ಕ ಆಗಿತ್ತು ಮಾರಾಯ್ರೆ. ನನ್ನದು ಬೇಡ, ಇದನ್ನೇ ಹಾಕಿ ಅಂತ ಮುದಲಾಳಿಗೆ ನಾನೇ ಹೇಳಿದೆ. ನಿಮ್ಮ ಫೈಲನ್ನು ನನ್ನ ಕಂಪ್ಯೂಟರಿಂದಲೇ ಕಳಿಸಿದ್ದು."

ಅದು ನನಗೆ ಅರ್ಥವಾಗುವಷ್ಟರಲ್ಲಿ ವೇದಿಕೆಯ ಮೇಲೆ ಸಂಚಿಕೆ ಬಿಚ್ಚಿದ ಸದ್ದು ಮೈಕಿನಲ್ಲಿ ಕೇಳಿತು, ಪರ್ರನೆ. ಮುದಲಾಳಿಯ ಮೀಸೆ ಎದುರು ಪುಟಕ್ಕೆ ಹೋಗಿ, ಶ್ರೀಮತಿಯವರ ತುಟಿಯ ಮೇಲೆ ಸರಿಯಾಗಿ ಕೂತಿತ್ತು. ಹುರಿಯ ಸಮೇತ. ಮುದಲಾಳಿಯ ಮುಖದಲ್ಲಿ ಮೀಸೆಯಿದ್ದ ಜಾಗ ಬೋಳು ಬೋಳು.

ಯಾರ ಕೆಲಸ ಇದು ಅಂತ ಮುದಲಾಳಿ ಗುಡುಗಿದರು. ಉಡುಪಿಯವನು ಎದ್ದು ನಿಂತು, ಫೈಲು ಹೋಗಿದ್ದು ನನ್ನ ಕಂಪ್ಯೂಟರಿನಿಂದ, ತಪ್ಪು ನನ್ನದೇ ಅಂದುಬಿಟ್ಟ. ಇಡೀ ಸಭೆ ಅವನನ್ನು ಮೆಚ್ಚುಗೆಯಿಂದ ನೋಡಿತು. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಇವನೇ ಮುಂದೆಯೇ? ನಾನೂ ಎದ್ದು, ಇಲ್ಲ, ನಾನೇ ಬೇಕೆಂದು ಇಂಕು ಏರಿಸಿದ್ದು ಅಂದೆ. ಇವರು ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ, ಒಳ್ಳೆಯವರು, ಅಂತ ಅವನು ಸಭೆಗೆ ತಿಳಿಸಿದ. ಇಬ್ಬರೂ ನನ್ನದು ನನ್ನದು ಅಂತ ಜಗಳಕ್ಕೇ ನಿಂತೆವು.

ಮುದಲಾಳಿಯ ಶ್ರೀಮತಿ ಕನ್ನಡಕ ಹಾಕಿಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇಬ್ಬರನ್ನೂ ಬೈಯಬೇಡಿ. ಮನೆಯಲ್ಲಿ ಮೀಸೆ ಯಾರದು ಅಂತ ಇಷ್ಟು ವರ್ಷಕ್ಕೆ ಸರಿಯಾಗಿ ಅಚ್ಚಾಗಿದೆ."