ಆಚೆ ದಡ ಎಂಬ ಪ್ರೇಕ್ಷಣೀಯ ಸ್ಥಳ

ಬಹಳ ಹಿಂದೆ, ಇಲ್ಲಿ ನಿಂತು ನೋಡಿ ಎಂದು ಬೋರ್ಡು ಹಾಕದಿದ್ದರೂ ಜನ ತಾವಾಗಿಯೇ ನಿಂತು ನೋಡುತ್ತಿದ್ದ ಕಾಲದಲ್ಲಿ, ಒಂದು ರಾಜ್ಯವಿತ್ತು. ರಾಜ್ಯದ ನಡುವೆ ಒಂದು ಹೊಳೆ. ಈಚೆ ದಡದಲ್ಲಿ ಅರಮನೆ, ಸಂತೆ, ಸೂಲಗಿತ್ತಿಯ ಮನೆ. ಆಚೆ ದಡದಲ್ಲಿ ಬಂಡೆಗುಡ್ಡ, ಬಾಳೆತೋಟ, ಒಂದಷ್ಟು ಗುಡಿಸಲು. ಹೊಳೆ ದಾಟಲು ಅಂಬಿಗರ ದುರುಗಪ್ಪನ ಹರಿಗೋಲು. ಸೇತುವೆ ಇರಲಿಲ್ಲ, ಸೇತುವೆಯ ಶಂಕುಸ್ಥಾಪನೆಯ ಕಲ್ಲು ಇತ್ತು. ಅದನ್ನು ರಾಜರ ತಾತನವರು ನೆಟ್ಟಿದ್ದರು. ಆಮೇಲೆ ಬಂದವರು ಆ ಕಲ್ಲಿಗೆ ಕಾಲಕಾಲಕ್ಕೆ ಸುಣ್ಣ ಬಳಿಸುತ್ತ ಅಭಿವೃದ್ಧಿಯನ್ನು ಮುಂದುವರಿಸಿಕೊಂಡು ಬಂದಿದ್ದರು.

ಆ ಹೊಳೆಗೆ ಒಂದು ಕಟ್ಟಳೆ ಇತ್ತು. ಯಾವ ದಡದಿಂದಾಗಲಿ ಯಾರಾದರೂ ಬಾಯಿಗೆ ಕೈ ಅಡ್ಡ ಹಿಡಿದು "ಓ... ಅಂಬಿಗೋ..." ಎಂದು ಕೂಗಿದರೆ ಅಂಬಿಗನು "ಬಂದೆನೋ..." ಎನ್ನಬೇಕು. ಅಂದಮೇಲೆ ಹೋಗಬೇಕು. ಉಣ್ಣುತ್ತಿದ್ದರೆ ಎಂಜಲು ಕೈಯಲ್ಲೇ ಏಳಬೇಕು. ಕೂಗಿದವರು ಯಾರು, ಏನು, ಎತ್ತ ಎಂದು ಕೇಳುವಂತಿಲ್ಲ. ದುರುಗಪ್ಪನ ಅಪ್ಪ, ಅಜ್ಜ ಎಲ್ಲರೂ ಹಾಗೆಯೇ ನಡೆದುಕೊಂಡಿದ್ದರು. ಇದು ಯಾವ ರಾಜನೂ ಹೊರಡಿಸಿದ ಆಜ್ಞೆಯಲ್ಲ. ಬಹುಶಃ ಅದಕ್ಕೇ ಅಷ್ಟು ಕಾಲ ನಡೆದಿತ್ತು.

ಹೀಗಿರಲಾಗಿ, ದೂರದೇಶದ ಪ್ರವಾಸಿಯೊಬ್ಬ ದಾರಿ ತಪ್ಪಿ ಈಚೆ ದಡಕ್ಕೆ ಬಂದ. ಅವನ ಚಪ್ಪಲಿ ಕಿತ್ತುಹೋಗಿತ್ತು. ಹೊಲಿದುಕೊಡುವ ತನಕ ಎಲ್ಲಾದರೂ ಕೂರಲೇಬೇಕು. ಕೂತವನ ಕಣ್ಣಿಗೆ ಆಚೆ ದಡ ಬಿತ್ತು. ಸಂಜೆಯ ಬಿಸಿಲಿನಲ್ಲಿ ಬಂಡೆಗಳು ಕೆಂಪಗಾಗಿದ್ದವು, ಒಲೆಗಳ ಹೊಗೆ ಏಳುತ್ತಿತ್ತು, ಒಬ್ಬ ಹೆಂಗಸು ಕೊಡ ಸೊಂಟದಲ್ಲಿಟ್ಟುಕೊಂಡು ಬಂಡೆಯ ಮೇಲೆ ನಿಂತಿದ್ದಳು. ಅವನು "ಆಹಾ" ಅಂದ. ಚಪ್ಪಲಿ ಹಾಕಿಕೊಂಡು ಹೊರಟುಹೋದ.

ಆ ಆಹಾ ಗೂಢಚಾರರ ಮುಖಾಂತರ ಅರಮನೆ ತಲುಪಿತು. ಮಹಾರಾಜ ಮಂದಹಾಸರಾಯರು ಸಿಂಹಾಸನದಿಂದ ಅರ್ಧ ಎದ್ದರು.

"ನಮ್ಮ ರಾಜ್ಯದಲ್ಲಿ ಸೌಂದರ್ಯವಿದೆಯೆಂದು ನಮಗೇಕೆ ವರದಿ ಬಂದಿಲ್ಲ?"

ವಿಹಾರ ಮತ್ತು ವಿನೋದ ಖಾತೆಯ ಮಂತ್ರಿ ಸೊಬಗಯ್ಯನವರು ಕೈಮುಗಿದರು. "ಮಹಾಪ್ರಭು, ತಮ್ಮ ಮುಖಾರವಿಂದವನ್ನು ದಿನವೂ ನೋಡುವ ನಮಗೆ ಬೇರೆ ಸೌಂದರ್ಯ ಗೋಚರಿಸುವುದಾದರೂ ಹೇಗೆ?"

ರಾಜರು ಈ ವಿವರಣೆಯನ್ನು ಒಪ್ಪಿ ಉಳಿದರ್ಧ ಏಳದೆ ಕುಳಿತರು. ಅಂದೇ ಆಚೆ ದಡವನ್ನು ನೋಟ ಎಂದು ಘೋಷಿಸಲಾಯಿತು. ಊರೆಂದು ಕರೆದರೆ ದಂಡ. ಈಚೆ ದಡದಲ್ಲಿ ಮೆಟ್ಟಿಲು, ಆಸನ, ಕಬ್ಬಿನ ಹಾಲಿನ ಅಂಗಡಿ, ಸೆಲ್ಫಿ ಪಾಯಿಂಟು ಎದ್ದವು. ರಾಜಚಿತ್ರಕಾರನಿಂದ ಆಚೆ ದಡದ ಒಂದು ಚಿತ್ರ ಬರೆಸಿ, ಅಚ್ಚು ಹಾಕಿಸಿ, ದೇಶದೇಶಗಳಿಗೆ ಕಳಿಸಿದರು. ಬಂಡೆ, ಹೊಗೆ, ಕೊಡ ಹಿಡಿದ ಹೆಂಗಸು, ಎಲ್ಲವೂ ಅದರಲ್ಲಿದ್ದವು.

ಚಿತ್ರ ನೋಡಿ ಬಂದವರಿಗೆ ಚಿತ್ರದಲ್ಲಿದ್ದದ್ದು ಕಾಣದಿದ್ದರೆ ರಾಜ್ಯದ ಮಾನವೇನಾದೀತು? ಆದ್ದರಿಂದ ಚಿತ್ರ ಬದಲಾಗುವಂತಿಲ್ಲ ಎಂಬ ಆಜ್ಞೆ ಹೊರಟಿತು. ಆಚೆ ದಡದವರು ಪ್ರತಿ ಸಂಜೆ ಒಲೆ ಹಚ್ಚಬೇಕು. ಅಡುಗೆಗೆ ಏನೂ ಇಲ್ಲದಿದ್ದರೂ ಹೊಗೆಗೆ ಕೊರತೆಯಾಗಬಾರದು. ಅಲ್ಲಿಂದ ಯಾರೂ ಈಚೆಗೆ ಬರುವಂತಿಲ್ಲ, ನೋಟದಲ್ಲಿ ಒಬ್ಬರು ಕಡಿಮೆಯಾಗುತ್ತಾರೆ. ಇಲ್ಲಿಂದ ಯಾರೂ ಆಚೆಗೆ ಹೋಗುವಂತಿಲ್ಲ, ಒಬ್ಬರು ಹೆಚ್ಚಾಗುತ್ತಾರೆ. ಹರಿಗೋಲು ಇನ್ನು ಮೇಲೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಿ, ಕೊಡ ಹಿಡಿದ ಹೆಂಗಸಿನ ಮುಖ ಕಾಣುವಷ್ಟು ಹತ್ತಿರದಲ್ಲಿ ಗರಗರ ತಿರುಗಿ, ವಾಪಸು ಬರಬೇಕು. ದಡ ಮುಟ್ಟಬಾರದು. ಮುಟ್ಟದಿರಲೆಂದು ಹರಿಗೋಲಿಗೆ ನವಿಲು ಬಣ್ಣದ ದಪ್ಪ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಸೇತುವೆಯ ಶಂಕುಸ್ಥಾಪನೆಯ ಕಲ್ಲಿಗೆ ಬಿಗಿದರು. ತಾತನವರ ಕಲ್ಲು ಕೊನೆಗೂ ಒಂದು ಉಪಯೋಗಕ್ಕೆ ಬಂತು ಎಂದು ಆಸ್ಥಾನದಲ್ಲಿ ಹರ್ಷ ವ್ಯಕ್ತವಾಯಿತು.

ಅಂಬಿಗನ ಕೂಗನ್ನೂ ಇಲಾಖೆ ಮರೆಯಲಿಲ್ಲ. ಅದು ಜಾನಪದ ಸಿರಿ ಎಂದು ವಿದ್ವಾಂಸರು ವರದಿ ಕೊಟ್ಟರು. ಅಂದಿನಿಂದ ಪ್ರತಿ ಸಂಜೆ, ಮಂತ್ರಿಗಳ ಕಡೆಯವರು ಬಾವುಟ ಬೀಸಿದೊಡನೆ, ಆಚೆ ದಡದಿಂದ ಒಬ್ಬರು "ಓ... ಅಂಬಿಗೋ..." ಎಂದು ಕೂಗಬೇಕು. ದುರುಗಪ್ಪ ಈಚೆಯಿಂದ "ಬಂದೆನೋ..." ಎನ್ನಬೇಕು. ಅಂದು, ನಿಂತಲ್ಲೇ ನಿಂತಿರಬೇಕು.

ಈಗ ಸೂಲಗಿತ್ತಿಯ ವಿಚಾರಕ್ಕೆ ಬರೋಣ. ಈಚೆ ದಡದ ಹುಲಿಗೆವ್ವ ಎರಡೂ ದಡದ ಮಕ್ಕಳನ್ನು ಎತ್ತಿ ಭೂಮಿಗೆ ತಂದವಳು. ಅವಳಿಗೆ ಒಬ್ಬಳೇ ಮಗಳು, ಕೆಂಚಮ್ಮ. ಆಚೆ ದಡದ ಯಂಕೋಬನಿಗೆ ಕೊಟ್ಟಿದ್ದಳು. ಚಿತ್ರದಲ್ಲಿ ಕೊಡ ಹಿಡಿದು ನಿಂತವಳು ಈ ಕೆಂಚಮ್ಮನೇ. ಅದು ಅವಳ ಭಾಗ್ಯ ಎಂದು ಎಲ್ಲರೂ ಅಂದಿದ್ದರು. ಆಮೇಲೆ ಅವಳು ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಆ ನಾಡಿನಲ್ಲಿ ಅದು ರೂಢಿ. ಆದರೆ ಕೆಂಚಮ್ಮ ನೋಟದೊಳಗಿದ್ದಳು, ತವರು ನೋಟದ ಹೊರಗಿತ್ತು.

ತಿಂಗಳು ತುಂಬಿದಾಗ ಹುಲಿಗೆವ್ವ ಮಂತ್ರಿಗಳ ಕಚೇರಿಗೆ ಹೋದಳು. ಸೊಬಗಯ್ಯನವರು ಗೌರವದಿಂದಲೇ ಕೂರಿಸಿದರು.

"ನೋಡಿ ಅಜ್ಜಿ, ನಿಮ್ಮ ಮಗಳ ಬಗ್ಗೆ ನಾವೇ ಹೇಳಿ ಕಳಿಸಬೇಕೆಂದಿದ್ದೆವು. ಚಿತ್ರದಲ್ಲಿ ಆಕೆ ತೆಳ್ಳಗಿದ್ದಾರೆ. ಈಗ ಸೊಂಟದ ಮೇಲೆ ಕೊಡವೇ ನಿಲ್ಲುತ್ತಿಲ್ಲ. ಇದು ನೋಟದಲ್ಲಿ ಅನಧಿಕೃತ ಬದಲಾವಣೆ."

"ಬಸರಿ ಅದಾಳ್ರೀ ಸಾಹೇಬ್ರ."

"ಇಲಾಖೆಯ ಪೂರ್ವಾನುಮತಿ ಪಡೆದಿದ್ದಾರೆಯೇ?"

"ನಿಮ್ಮವ್ವ ತಗೊಂಡಿದ್ರೇನ್ರೀ?"

ಗುಮಾಸ್ತನೊಬ್ಬ ಕೆಮ್ಮಿದ. ಮಂತ್ರಿಗಳು ದೊಡ್ಡ ಮನಸ್ಸಿನವರು, ಕೇಳಿಸದವರಂತೆ ಮುಂದುವರಿದರು. "ಹೆರಿಗೆಯನ್ನು ಮಳೆಗಾಲಕ್ಕೆ ಮುಂದೂಡಿಸಿ. ಆಗ ಆಫ್ ಸೀಸನ್. ಪರಿಶೀಲಿಸಬಹುದು."

"ಹೆರಿಗಿ ಅಂದ್ರ ನಿಮ್ಮ ಸಭಾ ಏನ್ರೀ, ಮುಂದಕ್ಕ ಹಾಕಾಕ? ಆಕಿ ನನ್ನಂಗ ಸಣ್ಣ ಸೊಂಟದಾಕಿ. ನಾ ಆಕಿನ್ನ ಹಡಿಯೋ ಮುಂದ ಸತ್ತು ಬದುಕೀನಿ. ಆಚೀಗಿ ಒಬ್ಬ ಸೂಲಗಿತ್ತಿ ಇಲ್ಲ. ಆಕೀನ ಬಿಡ್ರಿ, ಇಲ್ಲ ನನ್ನ ಬಿಡ್ರಿ. ಎರಡ್ರಾಗ ಒಂದು."

"ನಿಮ್ಮ ಭಾವನೆಗಳನ್ನು ಇಲಾಖೆ ಗೌರವಿಸುತ್ತದೆ. ಆದರೆ ಮುಂದಿನ ವಾರ ಸರ್ವರಾಜ್ಯ ಪ್ರವಾಸಿ ಮಹಾಮಂಡಲದ ಅಧ್ಯಕ್ಷರು ನೋಟಪರೀಕ್ಷೆಗೆ ಬರುತ್ತಾರೆ. ಅತ್ಯುತ್ತಮ ನೋಟಕ್ಕೆ ರತ್ನಕಿರೀಟ. ಅಲ್ಲಿಯವರೆಗೆ ಒಂದು ಇರುವೆಯೂ ಆಚೀಚೆ ಆಗುವಂತಿಲ್ಲ."

ಹುಲಿಗೆವ್ವ ಎದ್ದು ಹೊಳೆದಂಡೆಗೆ ಬಂದಳು. ದುರುಗಪ್ಪ ಜರಿಯಂಚಿನ ಸಮವಸ್ತ್ರ ತೊಟ್ಟು, ತಲೆಗೆ ಗರಿ ಸಿಕ್ಕಿಸಿಕೊಂಡು, ಹುಟ್ಟು ಹಿಡಿದು ಕೂತಿದ್ದ.

"ಏನೋ ದುರುಗ, ಹುಂಜ ಆಗೀಯಲ್ಲ?"

"ಆಗೀನಿ ಬೇ. ದಿನಾ ಹೊತ್ತಿಗಿ ಸರಿಯಾಗಿ ಕೂಗ್ತೀನಲ್ಲ."

"ದಿನಾ ಬಂದೆ ಬಂದೆ ಅಂತೀ. ಎಲ್ಲಿಗಿ ಬಂದಿ?"

ದುರುಗಪ್ಪ ತಲೆ ಎತ್ತಲಿಲ್ಲ. "ನಮ್ಮಪ್ಪ ಸಾಯೋ ಮುಂದನೂ ಆಚೀಗಿಂದ ಕೂಗು ಕೇಳಿದ್ರ ಹಾಸಿಗಿ ಬಿಟ್ಟು ಏಳಾಕ ನೋಡ್ತಿದ್ದ. ನಾ ಬಂದೆ ಅಂದು ನಿಂತಿರ್ತೀನಿ. ಮೊದಲ ದಿನ ಕಾಲು ನಡುಗ್ತು ಬೇ. ಈಗ ನಡುಗಂಗಿಲ್ಲ. ಅದಕ ಅಂಜಿಕಿ ಆಗ್ತೈತಿ."

ಅಂದಿನಿಂದ ಹುಲಿಗೆವ್ವ ಹೆರಿಗೆಯ ಚೀಲ ಮಡಿಲಲ್ಲಿಟ್ಟುಕೊಂಡು ಹರಿಗೋಲಿನ ಪಕ್ಕದಲ್ಲೇ ಕೂರತೊಡಗಿದಳು. ಪ್ರವಾಸಿಗರು ಅವಳ ಜೊತೆ ನಿಂತು ಚಿತ್ರ ತೆಗೆಸಿಕೊಂಡರು.

ಪರೀಕ್ಷೆಯ ದಿನ ಬಂತು. ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿಲ್ಲ. ಮಹಾಮಂಡಲದ ಅಧ್ಯಕ್ಷರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಸಮೇತ ಹರಿಗೋಲಿನಲ್ಲಿ ಕೂರಿಸಿಯಾಗಿತ್ತು. ಸೊಬಗಯ್ಯನವರು ಸ್ವಾಗತ ಭಾಷಣ ಆರಂಭಿಸಿ, ರಾಜರ ಕಣ್ಣುಗಳ ವರ್ಣನೆ ಮುಗಿಸಿ, ಹುಬ್ಬಿಗೆ ಬಂದಿದ್ದರು. ಬಾವುಟ ಇನ್ನೂ ಮಡಿಸಿಕೊಂಡೇ ಇತ್ತು.

"ಓ... ಅಂಬಿಗೋ..."

ಮಂತ್ರಿಗಳು ಮಾತು ನಿಲ್ಲಿಸಿದರು. "ಯಾರದು, ಬಾವುಟ ಬೀಸುವ ಮೊದಲೇ?"

ಆಚೆ ದಡದಲ್ಲಿ ಯಂಕೋಬ ಸೊಂಟದವರೆಗೆ ನೀರಿಗಿಳಿದಿದ್ದ. ಅವನ ಹಿಂದೆ, ಬಂಡೆಯ ಮೇಲೆ ಕೆಂಚಮ್ಮ ಅದುವರೆಗೂ ಆಜ್ಞೆಯಂತೆ ನಿಂತಿದ್ದಳು. ಈಗ ಕೊಡ ಉರುಳಿಬಿದ್ದಿತ್ತು, ಅವಳು ಬಂಡೆಯನ್ನು ತಬ್ಬಿ ಕೂತಿದ್ದಳು. ಅವನು ಮತ್ತೆ ಕೂಗಿದ. ಈ ಸಲ ದನಿ ನಡುವೆ ಒಡೆಯಿತು.

ಮೆಟ್ಟಿಲುಗಳ ಮೇಲಿಂದ ಚಪ್ಪಾಳೆ ಎದ್ದಿತು. "ಎಂಥ ಆರ್ದ್ರತೆ!" ಎಂದರು ಒಬ್ಬರು. "ಇದು ಅಪ್ಪಟ ದೇಸಿ, ಕಲಿತು ಬರುವಂಥದ್ದಲ್ಲ" ಎಂದರು ಇನ್ನೊಬ್ಬರು. ಯಾರೋ "ಒನ್ಸ್ ಮೋರ್" ಅಂದರು. ಎಲ್ಲರೂ ಒನ್ಸ್ ಮೋರ್ ಅಂದರು. ಯಂಕೋಬ ಮೂರನೆಯ ಸಲ ಕೂಗಿದ. ಅವನಿಗೆ ಬೇರೆ ದಾರಿ ಇರಲಿಲ್ಲ. ರಾಜರು ತಮ್ಮ ಬೆರಳಿನ ಉಂಗುರ ತೆಗೆದು, ಈ ಗಾಯಕನಿಗೆ ಆಮೇಲೆ ಕೊಡತಕ್ಕದ್ದೆಂದು ಹೇಳಿ, ಮತ್ತೆ ತೊಟ್ಟುಕೊಂಡರು.

ಹುಲಿಗೆವ್ವ ಆಗಲೇ ಹರಿಗೋಲಿನೊಳಗೆ ಕಾಲಿಟ್ಟಿದ್ದಳು. "ಸರಿಯೋ ಯಣ್ಣ" ಎಂದು ಅಧ್ಯಕ್ಷರನ್ನು ಮೊಣಕೈಯಿಂದ ತಳ್ಳಿ ಜಾಗ ಮಾಡಿಕೊಂಡಳು. "ದುರುಗಾ, ಏನಂತಿ?"

ದುರುಗಪ್ಪ ತಲೆಯ ಗರಿ ಕಿತ್ತು ನೀರಿಗೆಸೆದ. "ಬಂದೆನೋ..." ಎಂದು ಹೊಳೆಯೇ ತಿರುಗಿ ನೋಡುವಂತೆ ಕೂಗಿದ. ಅಂದು, ಹೊರಟ.

ಹರಿಗೋಲು ನೇರ ಹೋಗುವುದನ್ನು ನೋಡಿ ಮಂತ್ರಿಗಳು ಬೆವೆತರು. "ತಿರುಗಿಸೋ! ತಿರುಗಿಸೋ!" ಎಂದು ಸೈನಿಕರು ಸೀಟಿ ಊದಿದರು. ಜನರು ಇದೂ ಕಾರ್ಯಕ್ರಮದಲ್ಲಿದೆಯೆಂದು ತಿಳಿದು ತಾಳ ಹಾಕಿದರು. ಆಚೆ ದಡದ ಬಂಡೆ ಹತ್ತಿರವಾಯಿತು. ಕೆಂಚಮ್ಮನ ಮುಖ ಕಂಡಿತು. ಆಗ ಹಗ್ಗ ಬಿಗಿಯಿತು.

ದುರುಗಪ್ಪ ಹುಟ್ಟು ಹಾಕಿದ. ಹರಿಗೋಲು ನಿಂತಲ್ಲೇ ತಿರುಗಿತು. ಗಂಟು ಬಿಚ್ಚಲು ನೋಡಿದ. ಅದು ಸರ್ಕಾರಿ ಗಂಟು, ಹಾಕಿದವರಿಗೂ ಬಿಚ್ಚಲು ಬರುತ್ತಿರಲಿಲ್ಲ. ಹುಲಿಗೆವ್ವ ಎದ್ದು ನಿಂತು ಕೂಗಿದಳು. "ಯಂಕೋಬಾ, ಆಕಿನ್ನ ಎತ್ತಿಕೊಂಡು ಬಾರೋ! ನಾ ಇಳದು ಬರೋದ್ರಾಗ ಕೂಸು ಬರ್ತೈತಿ!"

ಯಂಕೋಬ ಹೆಂಡತಿಯನ್ನು ಎರಡೂ ಕೈಯಲ್ಲಿ ನೀರಿನ ಮೇಲೆ ಎತ್ತಿ ಹಿಡಿದು, ಎದೆಮಟ್ಟದ ನೀರಿನಲ್ಲಿ ನಡೆದುಬಂದು ಹರಿಗೋಲಿಗೆ ಇಳಿಸಿದ.

"ಯವ್ವಾ, ತವರಿಗಿ ಬಂದ್ನೇನಬೇ?" ಎಂದಳು ಕೆಂಚಮ್ಮ.

"ಬಂದಿ ನನ್ನವ್ವ. ತವರಽ ನಿನ್ನ ಹಂತ್ಯಾಕ ಬಂದೈತಿ. ಉಸರು ಹಿಡಿ. ಏ ಯಣ್ಣ, ಬಾಯಿ ತಕ್ಕೊಂಡು ಏನು ನೋಡ್ತೀ? ಆ ಶಾಲು ಬಿಚ್ಚು. ಅಡ್ಡ ಹಿಡಿ. ಮುಖ ಆಕಡಿ!"

ಅಧ್ಯಕ್ಷರು ತಮ್ಮ ಜೀವಮಾನದಲ್ಲಿ ಬಹಳ ಶಾಲು ಹೊದ್ದವರು. ಒಂದು ಶಾಲನ್ನು ಏನಕ್ಕಾದರೂ ಬಳಸಿದ್ದು ಅದೇ ಮೊದಲು. ಅವರು ಮುಖ ತಿರುಗಿಸಿ, ಶಾಲು ಹಿಡಿದು ನಿಂತರು. ಹೊತ್ತು ಮುಳುಗುವುದಕ್ಕೂ ಕೂಸು ಅಳುವುದಕ್ಕೂ ಸರಿಹೋಯಿತು. ಹೆಣ್ಣು. ಹುಲಿಗೆವ್ವನ ಚೀಲದಲ್ಲಿದ್ದ ಪುಟ್ಟ ಕುಡುಗೋಲು ಹೊಕ್ಕುಳ ಬಳ್ಳಿಯನ್ನು ಕತ್ತರಿಸಿತು. ಆಮೇಲೆ ಅವಳು ಅದನ್ನೇ ಹಗ್ಗಕ್ಕೆ ಹಾಕಿ ತಿಕ್ಕಿದಳು. ಹಗ್ಗ ತುಂಡಾಗಲಿಲ್ಲ. ಈಚೆ ದಡದಿಂದ ಸೈನಿಕರು ಎಳೆಯತೊಡಗಿದ್ದರು.

ತಾಯಿ, ಮಗಳು, ಮೊಮ್ಮಗಳು, ಅಂಬಿಗ, ಅಧ್ಯಕ್ಷರು ಎಲ್ಲರೂ ಈಚೆ ದಡಕ್ಕೆ ಬಂದು ಬಿದ್ದರು. ಯಂಕೋಬ ಎದೆಮಟ್ಟದ ನೀರಿನಲ್ಲಿ ಕೈ ಚಾಚಿಕೊಂಡು ಅಲ್ಲೇ ಉಳಿದ. ಮೆಟ್ಟಿಲುಗಳ ಮೇಲೆ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಸೊಬಗಯ್ಯನವರು ರಾಜರ ಪಾದಕ್ಕೆ ಬೀಳಲು ಬಗ್ಗಿದರು.

ಅಷ್ಟರಲ್ಲಿ ಅಧ್ಯಕ್ಷರು ಕೈಮುಗಿದು ನುಡಿದರು. "ಮಹಾರಾಜ, ಎಷ್ಟೋ ರಾಜ್ಯಗಳಲ್ಲಿ ಸೂರ್ಯಾಸ್ತ ನೋಡಿದ್ದೇನೆ. ಸೂರ್ಯಾಸ್ತದ ಜೊತೆಗೆ ಜನನವನ್ನೂ ಏರ್ಪಡಿಸಿದವರು ತಾವೊಬ್ಬರೇ."

ಮಂತ್ರಿಗಳು ಬಗ್ಗಿದ್ದನ್ನು ಹಾಗೆಯೇ ನಮಸ್ಕಾರವಾಗಿ ಮಾರ್ಪಡಿಸಿಕೊಂಡು ಎದ್ದರು. "ಪ್ರಭುಗಳ ಕಲ್ಪನೆ. ಅನುಷ್ಠಾನ ಮಾತ್ರ ನನ್ನದು."

"ಹೌದು," ಎಂದರು ರಾಜರು, ತಮಗೂ ಈಗಷ್ಟೇ ತಿಳಿದ ಹಾಗೆ.

ರತ್ನಕಿರೀಟ ಮಂದಹಾಸರಾಯರ ತಲೆಗೇರಿತು. ಮೊದಲೇ ಒಂದು ಕಿರೀಟ ಇದ್ದುದರಿಂದ ಅದರ ಮೇಲೆಯೇ ಇಟ್ಟರು. ರಾಜಚಿತ್ರಕಾರ ಹೊಸ ಚಿತ್ರ ಬರೆದ: ಮುಳುಗುವ ಸೂರ್ಯ, ಹಗ್ಗದ ತುದಿಯಲ್ಲಿ ಹರಿಗೋಲು, ಅದರಲ್ಲಿ ತಾಯಿ ಮತ್ತು ಎಳೆಗೂಸು, ಆಚೆ ನೀರಿನಲ್ಲಿ ಬಾಯಿ ತೆರೆದು ನಿಂತ ಗಂಡಸು, ಖಾಲಿ ಬಂಡೆ. ಚಿತ್ರ ಬದಲಾಗುವಂತಿಲ್ಲ ಎಂಬ ಆಜ್ಞೆ ಇದ್ದೇ ಇತ್ತು.

ಹಾಗಾಗಿ ಎರಡೂ ದಡದ ಬಸುರಿಯರು ಹೊತ್ತು ಮುಳುಗುವಾಗ ಹರಿಗೋಲಿನಲ್ಲೇ ಹಡೆಯತಕ್ಕದ್ದು ಎಂದಾಯಿತು. ಬೇರೆ ಹೊತ್ತಿನಲ್ಲಿ ಹುಟ್ಟಿದ ಮಕ್ಕಳಿಗೆ ಖಾಸಗಿ ಜನನ ತೆರಿಗೆ. ಯಾರೂ ಹಡೆಯದ ದಿನ ಎಳೆಗೂಸುಗಳ ತಾಯಂದಿರು ಸರದಿಯ ಮೇಲೆ ಬಂದು ಮಲಗಬೇಕು. ಕೂಸು ಅಳದಿದ್ದರೆ ಚಿವುಟಲು ಒಬ್ಬ ಅಧಿಕಾರಿ ನೇಮಕವಾದ. ಹುಲಿಗೆವ್ವನಿಗೆ ಸೂತಿಕಾಕಲಾ ವಿಶಾರದೆ ಎಂಬ ಬಿರುದು ಬಂತು. ಅವಳು ಬೇಡವೆಂದಳು, ಅವಳು ಬೇಡವೆನ್ನುವ ಬಗೆ ಬಹಳ ಸಹಜವಾಗಿದೆಯೆಂದು ಅದನ್ನೂ ಕಾರ್ಯಕ್ರಮದಲ್ಲಿ ಸೇರಿಸಿದರು.

ಕೆಂಚಮ್ಮ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಳು. ಸೊಬಗಯ್ಯನವರು ಚಿತ್ರ ತೋರಿಸಿದರು. "ನೋಡಿ ತಾಯಿ, ಇಲ್ಲಿ ಬಂಡೆ ಖಾಲಿ ಇದೆ." ಅವಳು ನೋಡಿದಳು. ಖಾಲಿಯೇ ಇತ್ತು.

ಯಂಕೋಬ ಈಗಲೂ ಬಾವುಟ ಬೀಸಿದೊಡನೆ ನೀರಿಗಿಳಿದು ನಿಲ್ಲುತ್ತಾನೆ. ಚಳಿಯಲ್ಲೂ ನಿಲ್ಲುತ್ತಾನೆ, ಚಿತ್ರದಲ್ಲಿ ಚಳಿಯಿಲ್ಲ. ಅವನು ಕೂಗುವಾಗ ದನಿ ನಡುವೆ ಒಡೆಯಬೇಕೆಂದು ಕರಾರಿದೆ. ಅದಕ್ಕೆ ಅವನು ಅಭ್ಯಾಸ ಮಾಡಬೇಕಾಗಿ ಬಂದಿಲ್ಲ.

ಅವನ ಮಗಳು ಈಚೆ ದಡದ ಮೆಟ್ಟಿಲ ಮೇಲೆ ಅಜ್ಜಿಯ ತೊಡೆಯಲ್ಲಿ ಬೆಳೆದಳು. ಅವಳು ಮೊದಲು ಆಡಿದ ಮಾತು ಅವ್ವ ಎಂದಲ್ಲ, ಅಪ್ಪ ಎಂದೂ ಅಲ್ಲ. ಒಂದು ಸಂಜೆ ಆಚೆಯಿಂದ "ಓ... ಅಂಬಿಗೋ..." ಎಂದು ಕೇಳಿತು. ಹರಿಗೋಲನ್ನು ನೇರ ನಡೆಸಿದ ತಪ್ಪಿಗೆ ಕೊರಳಿಗೂ ಹಗ್ಗ ಹಾಕಿಸಿಕೊಂಡಿದ್ದ ದುರುಗಪ್ಪ ಬಾಯಿ ತೆರೆಯುವ ಮೊದಲೇ, ಕೂಸು ಎರಡೂ ಕೈ ಹೊಳೆಯ ಕಡೆಗೆ ಚಾಚಿ "ಬಂದೆನೋ" ಎಂದಿತು.

ಜನ ಎದ್ದುನಿಂತು ಒನ್ಸ್ ಮೋರ್ ಅಂದರು.